ಬರೇ ಉಡಿಲೇ ಹೋಗಬಾರದು

ರುದ್ರಾಣಿ ಅಕ್ಕ ಇದ್ದಷ್ಟು ಕಾಲ ನಮ್ಮ ವೃದ್ಧಾಶ್ರಮದ ಮುದುಕಿಯರಿಗೆ ಕಿವಿಗೆ ಹಾಕಿಕೊಳ್ಳುವ ಮೆಷಿನ್ನಿನ ಖರ್ಚೇ ಇರಲಿಲ್ಲ ಎಂದು ನರ್ಸ್ ರಂಗಿ ಹೇಳುತ್ತಿದ್ದಳು. ಸುಳ್ಳಲ್ಲ. ಕಾರಿಡಾರಿನ ಆ ತುದಿಯಲ್ಲಿ ಅಕ್ಕ ಯಾರಿಗೋ "ಏಳವಾ, ಜಳಕಾ ಮಾಡೋಣು" ಎಂದರೆ ಈ ತುದಿಯ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದ ನಾನೂ ಎದ್ದು ನಿಲ್ಲಬೇಕು, ಅಂಥ ಗಂಟಲು. ಬಾಗಲಕೋಟೆ ಕಡೆಯವರು. ಇಂಗ್ಲಿಷ್ ಬರುತ್ತಿತ್ತು. ಆದರೆ ಮೈ ತೊಳೆಯುವಾಗ, ತುತ್ತು ಕೊಡುವಾಗ, ಅಳುವವರನ್ನು ಸಮಾಧಾನ ಮಾಡುವಾಗ ಬಾಯಿಂದ ಕನ್ನಡವೇ ಬರುತ್ತಿತ್ತು. ಪರದೇಶದ ಈ ಟೌರಂಗಾ ಊರಿನ ಬಿಳಿ ಮುದುಕಿಯರು ಅದಕ್ಕೆ ತಲೆಯಾಡಿಸಿ, ಹೇಳಿದ ಹಾಗೆ ಕೇಳುತ್ತಿದ್ದರು.

ನಾನು ಚಂಪಾ, ಮೈಸೂರಿನವಳು. ಅಲ್ಲಿಯೇ ಅಡುಗೆಮನೆಯಲ್ಲಿ ಕೆಲಸ. ನನ್ನ ಗಂಡ ಅನೂಪ್ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ಇಡೀ ದಿನ ಕಂಪ್ಯೂಟರಿನ ಜೊತೆ ಮಾತಾಡುವವನ ಮುಖ ನೋಡಿಕೊಂಡು ಎಷ್ಟು ಹೊತ್ತು ಕೂರುವುದು ಎಂದು ಈ ಕೆಲಸ ಹಿಡಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಅಕ್ಕನ ವಿಷಯ ಹೇಳುವಾಗಲೂ ಬರುತ್ತದೆ. ಬಂದರೆ ಬರಲಿ.

ಅಕ್ಕನ ಗಂಡ ತಿಪ್ಪಣ್ಣನವರು ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುವ ಇಂಜಿನಿಯರ್. ಮಾತು ಬಹಳ ಕಡಿಮೆ. ಬೆಳಗಿನ ಪಾಳಿಗೆ ಹೆಂಡತಿಯನ್ನು ಕಾರಿನಲ್ಲಿ ತಂದು, ತಾವೂ ಇಳಿದು ಬಾಗಿಲ ತನಕ ಬಂದು, ಅವರು ಒಳಗೆ ಹೋದ ಮೇಲೆಯೇ ಹೊರಡುತ್ತಿದ್ದರು. ಅಕ್ಕನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಈ ಊರಿನಲ್ಲಿ ಕಾರಿಲ್ಲದಿದ್ದರೆ ಕೈಕಾಲಿಲ್ಲದ ಹಾಗೆ, ಕಲಿತುಕೊಳ್ಳಿ ಎಂದು ನಾನು ಎಷ್ಟೋ ಸಲ ಬೈದಿದ್ದೆ. "ನಮ್ಮನಿಯವರು ಅದಾರಲ್ಲ" ಎನ್ನುತ್ತಿದ್ದರು. ಒಬ್ಬನೇ ಮಗ ನಂದೀಶ, ದೂರದ ಕ್ರೈಸ್ಟ್‌ಚರ್ಚ್‌ನ ಹಾರ್ನ್‌ಬಿಯಲ್ಲಿ ಒಂದು ದೊಡ್ಡ ಗೋದಾಮಿನ ಮ್ಯಾನೇಜರ್.

ಇಲ್ಲಿ ಯಾರಾದರೂ ಕೆಲಸ ಬಿಟ್ಟು ಹೋಗುವಾಗ ಒಂದು ಮಾರ್ನಿಂಗ್ ಟೀ ಇರುತ್ತದೆ. ಎಲ್ಲರೂ ಸ್ಟಾಫ್ ರೂಮಿನಲ್ಲಿ ಸೇರುವುದು, ಕೇಕ್ ತಿನ್ನುವುದು, ಮ್ಯಾನೇಜರ್ ಟ್ರೇಸಿ ನಾಲ್ಕು ಒಳ್ಳೆಯ ಮಾತಾಡುವುದು, ಎಲ್ಲರೂ ಸಹಿ ಹಾಕಿದ ಕಾರ್ಡ್ ಕೊಡುವುದು. ಕೊನೆಗೆ ರಂಗಿ ಒಂದು ಹಾಡು ಹೇಳುವುದು. ರಂಗಿ ಈ ನಾಡಿನ ಮೂಲನಿವಾಸಿ ಮಾವೊರಿ ಹೆಂಗಸು, ಪೂರ್ತಿ ಹೆಸರು ರಂಗಿಮಾರಿಯೆ. "ನಮ್ಮೂರಾಗ ಓಣಿಗೊಬ್ಬಾಕಿ ರಂಗಿ ಅದಾಳ" ಎಂದು ಅಕ್ಕ ಮೊದಲ ದಿನವೇ ಅವಳನ್ನು ತಮ್ಮವಳನ್ನಾಗಿ ಮಾಡಿಕೊಂಡಿದ್ದರು. ಹಾಡು ಹೇಳದೆ ಯಾರನ್ನೂ ಕಳಿಸಬಾರದು ಎನ್ನುವುದು ರಂಗಿಯ ಕಡೆಯ ಪದ್ಧತಿ.

ಅಕ್ಕ ಸೇರಿದ ಹೊಸತರಲ್ಲಿ ಮಾರಿಸೆಲ್ ಎಂಬ ಫಿಲಿಪೀನ್ಸ್ ಹುಡುಗಿ ಕೆಲಸ ಬಿಟ್ಟಳು. ಟ್ರೇಸಿಯ ಮಾತು ಮುಗಿಯುವ ಮೊದಲೇ ಅಕ್ಕ ಸ್ಟಾಫ್ ರೂಮಿನಿಂದ ಎದ್ದು ನನ್ನ ಅಡುಗೆಮನೆಗೆ ನುಗ್ಗಿದರು.

"ಚಂಪಾ, ಅಕ್ಕಿ ಎಲ್ಲಿ ಅದಾವ?"

"ಯಾರಿಗೆ ಅಕ್ಕಾ, ಈಗ ಯಾರಿಗೆ ಅನ್ನ ಬೇಕು?"

"ಅನ್ನಕ್ಕಲ್ಲ. ಹೆಣ್ಮಗಳು ಮನಿ ಬಿಟ್ಟು ಹೊಂಟಾಳ, ಬರೇ ಉಡಿಲೇ ಕಳಸ್ತಾರೇನ? ಕೇಕ್ ತಿನಿಸಿ ಕಳಸಾಕ ಆಕಿ ಏನ್ ಹುಟ್ಟಿದಹಬ್ಬಕ್ಕ ಬಂದಿದ್ಳೇನ?"

ನಮ್ಮ ಕಡೆ ಮಡಿಲಕ್ಕಿ ಎನ್ನುತ್ತೇವೆ, ಅವರ ಕಡೆ ಉಡಿ ತುಂಬುವುದು. ತವರುಮನೆಯಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಕಾಯಿ, ಅರಿಸಿನದ ಕೊಂಬು, ರವಿಕೆ ಬಟ್ಟೆ ಹಾಕಿ, ನಿನ್ನ ಬಾಳು ತುಂಬಿರಲಿ ಎಂದು ಹರಸಿ ಕಳಿಸುವುದು. ಇದು ತವರುಮನೆಯಲ್ಲ ಅಕ್ಕಾ, ಕೆಲಸದ ಜಾಗ ಎಂದು ನಾನು ಹೇಳುತ್ತಲೇ ಇದ್ದೆ. ಅವರು ನನ್ನ ಸೊಂಟದ ಏಪ್ರನ್ ಬಿಚ್ಚಿಕೊಂಡು ಹೋಗಿ ಮಾರಿಸೆಲ್‌ಗೆ ಕಟ್ಟಿದರು. ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿಸಿ ನಿಲ್ಲಿಸಿ, ಬೊಗಸೆ ಬೊಗಸೆ ಅಕ್ಕಿ ಸುರಿದರು. ಹಣೆಗೆ ಕುಂಕುಮ ಇಟ್ಟರು. ಆ ಹುಡುಗಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಅಕ್ಕಿ ಬೀಳುವಾಗ ಅವಳು ಅತ್ತುಬಿಟ್ಟಳು. ನೆಲಕ್ಕೆ ಬಿದ್ದ ಕಾಳಿನ ಮೇಲೆ ಯಾರಾದರೂ ಜಾರಿ ಬಿದ್ದಾರು ಎಂದು ಟ್ರೇಸಿ ಮಾತ್ರ ಪೊರಕೆ ಹಿಡಿದು ನಿಂತಿದ್ದಳು.

ಅಲ್ಲಿಂದ ಅದು ನಮ್ಮ ಆಶ್ರಮದ ಪದ್ಧತಿಯೇ ಆಗಿಹೋಯಿತು. ಯಾರು ಕೆಲಸ ಬಿಟ್ಟರೂ ಮೊದಲು ಕೇಳುವುದು, ನನ್ನ ಅಕ್ಕಿ ಯಾವತ್ತು ಎಂದು. ಅಕ್ಕ ಊರಿಗೆ ಹೋದಾಗಲೆಲ್ಲ ಗುಳೇದಗುಡ್ಡದ ಖಣದ ರವಿಕೆ ಬಟ್ಟೆ ತರುತ್ತಿದ್ದರು. ಅದನ್ನು ಈ ಹುಡುಗಿಯರು ತಲೆದಿಂಬಿಗೆ ಹೊಲಿಸಿಕೊಂಡರೋ, ಗೋಡೆಗೆ ತೂಗುಹಾಕಿದರೋ, ಒಬ್ಬಳೂ ಬಿಸಾಡಲಿಲ್ಲ. ವೀಳ್ಯದೆಲೆ ಇಲ್ಲಿ ಸಿಗುವುದಿಲ್ಲ. ಕಾಯಿ ಸಿಗದ ದಿನ ಬೆರಿಲ್ ಅಜ್ಜಿಯ ಮಗ ತಂದುಕೊಡುವ ಕಿವಿಹಣ್ಣು ಹಾಕುತ್ತಿದ್ದರು.

ಬೆರಿಲ್ ಎಂದರೆ ನಮ್ಮ ಆಶ್ರಮದ ಅತಿ ಹಳೆಯ ಮುದುಕಿ. ಕಿವಿಹಣ್ಣಿನ ತೋಟದ ಯಜಮಾನಿಯಾಗಿ ಬಾಳಿದವಳು, ಗಂಡ ಜ್ಯಾಕ್ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಕಾಲು ಬಿದ್ದುಹೋಗಿದ್ದವು, ನಾಲಿಗೆ ಮಾತ್ರ ಚೆನ್ನಾಗಿ ಓಡಾಡುತ್ತಿತ್ತು. ಯಾರ ಉಡಿ ತುಂಬಿದರೂ ಗಾಲಿಕುರ್ಚಿಯಲ್ಲಿ ಎಲ್ಲರಿಗಿಂತ ಮುಂದೆ ಇವಳೇ. ದಿನಾ ಅವಳಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು ಅಕ್ಕನ ಪಾಲು. ಬೇರೆ ಯಾರು ಹೋದರೂ ಬಾಚಣಿಗೆ ಕಿತ್ತುಕೊಂಡು ಓಡಿಸುತ್ತಿದ್ದಳು. ಅಕ್ಕ ಅವಳನ್ನು "ಅವ್ವಾರ" ಎನ್ನುತ್ತಿದ್ದರು, ಅವಳು ತಿರುಗಿ ಅಕ್ಕನನ್ನೂ "ಅವ್ವಾರ" ಎನ್ನುತ್ತಿದ್ದಳು.

ಹೋದ ವರ್ಷದ ಹಿಂದಿನ ವರ್ಷ, ಒಂದು ಭಾನುವಾರ, ತಿಪ್ಪಣ್ಣನವರು ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದವರು ಹಾಗೇ ಕುಸಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಜನದಲ್ಲಿ ಮಣ್ಣು ಮಾಡುವುದು, ಇಲ್ಲಿನ ಸ್ಮಶಾನದಲ್ಲೇ ಮಣ್ಣು ಮಾಡಿದರು. ಬೇಕಾದಷ್ಟು ದಿನ ರಜೆ ತೆಗೆದುಕೋ ಎಂದು ಟ್ರೇಸಿ ಮನೆಗೇ ಬಂದು ಹೇಳಿದಳು. ಅಕ್ಕ ಬೇಗನೇ ಕೆಲಸಕ್ಕೆ ಬಂದರು. ಮನೆಯಲ್ಲಿ ಕೂತು ಯಾರನ್ನು ನೋಡಲಿ ಎಂದರು. ಹಣೆ ಖಾಲಿ, ಕೈ ಖಾಲಿ. ಕಾರಿಡಾರಿನಲ್ಲಿ ಅವರಿದ್ದಾರೋ ಇಲ್ಲವೋ ತಿಳಿಯದ ಹಾಗೆ ಓಡಾಡುತ್ತಿದ್ದರು. ಆವತ್ತಿನಿಂದ ನನ್ನ ಕಾರಿನಲ್ಲಿ ಅವರ ಓಡಾಟ.

ಆಮೇಲೆ ಮೊದಲು ಕೆಲಸ ಬಿಟ್ಟವಳು ಕೇಲಾ ಎಂಬ ಹುಡುಗಿ. ಮದುವೆ ನಿಶ್ಚಯವಾಗಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದಳು. ಕೇಕ್ ಆಯಿತು, ಕಾರ್ಡ್ ಆಯಿತು, ಕೇಲಾ ತಾನೇ ಏಪ್ರನ್ ಕಟ್ಟಿಕೊಂಡು ಅಂಚು ಹಿಡಿದು ನಿಂತಳು. ಅಕ್ಕ ಎಲ್ಲೂ ಇಲ್ಲ. ಹುಡುಕಿದರೆ ಬಟ್ಟೆ ಒಗೆಯುವ ಕೋಣೆಯಲ್ಲಿ, ಮಡಿಸಿಟ್ಟ ಟವೆಲುಗಳನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದರು.

"ನೀ ತುಂಬು ಹೋಗು. ನಾ ತುಂಬಬಾರದು" ಎಂದರು.

"ಯಾಕ್ ತುಂಬಬಾರದು? ಯಾವ ಕಾಲದಲ್ಲಿದ್ದೀರಿ ಅಕ್ಕಾ? ಆ ಹುಡುಗಿ ಕಾಯ್ತಾ ನಿಂತಿದೆ."

"ನಾಕ ದಿನಕ್ಕ ಮದವಿ ಆಗೋ ಹುಡುಗಿ ಅದು. ನಾ ತುಂಬಿ, ಆಕಿ ಬಾಳೇದಾಗ ಏನರೆ ಆದ್ರ?"

ನನಗೆ ಮೈಯೆಲ್ಲ ಉರಿಯಿತು. ಗಂಡ ಸತ್ತದ್ದು ಇವರ ತಪ್ಪೇ? ಊರಿನಿಂದ ಫೋನಿನಲ್ಲಿ ಯಾರೋ ಓರಗಿತ್ತಿ ಹೇಳಿದ್ದಳಂತೆ, ಇನ್ನು ಮೇಲೆ ಶುಭಕಾರ್ಯಕ್ಕೆ ಕೈ ಹಾಕಬೇಡ ಎಂದು. ಅವಳು ನನ್ನ ಕೈಗೆ ಸಿಕ್ಕಿದ್ದರೆ ಆವತ್ತು ಬೇರೆಯೇ ಆಗುತ್ತಿತ್ತು. ಬಾಯಿಗೆ ಬಂದದ್ದೆಲ್ಲ ಅಂದೆ. ಅಕ್ಕ ಟವೆಲ್ ಮಡಿಸುವುದು ಬಿಡಲಿಲ್ಲ. ಕೊನೆಗೆ ನಾನೇ ಹೋಗಿ ಕೇಲಾಳ ಉಡಿ ತುಂಬಿದೆ. ಅವಳು ನನ್ನ ಕೈ ನೋಡಲಿಲ್ಲ, ಬಾಗಿಲ ಕಡೆಯೇ ನೋಡುತ್ತಿದ್ದಳು. ಆಮೇಲೆ ಅಡುಗೆಮನೆಗೆ ಬಂದು, ನಾನೇನಾದರೂ ತಪ್ಪು ಮಾಡಿದೆನಾ, ರುದ್ರಾಣಿಗೆ ನನ್ನ ಮೇಲೆ ಕೋಪವಾ ಎಂದು ಕೇಳಿದಳು. ಇದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? ಅವರಿಗೆ ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದೆ.

ಹೀಗೇ ಒಂದು ವರ್ಷದ ಮೇಲೆ ಕಳೆಯಿತು. ನಂದೀಶ ಪ್ರತಿ ಫೋನಿನಲ್ಲೂ ಒಂದೇ ಮಾತು, ಅಲ್ಲಿ ಒಬ್ಬಳೇ ಎಷ್ಟು ದಿನ ಇರುತ್ತೀ, ಇಲ್ಲಿಗೆ ಬಾ. ಸೊಸೆಗೆ ದಿನ ತುಂಬುತ್ತಾ ಬಂದಿತ್ತು. "ಎಷ್ಟ್ ದಿನ ಅಂತ ನಿನ್ನ ಕಾರಿನ್ಯಾಗ ಕುಂಡ್ರಲೇವಾ" ಎಂದು ಅಕ್ಕ ನನ್ನನ್ನೂ ಕೇಳಿದರು. ಸಾಯುವ ತನಕ ಕೂತ್ಕೊಳ್ಳಿ ಎಂದೆ. ಅವರು ನಕ್ಕು ಕಿಟಕಿಯಾಚೆ ನೋಡಿದರು. ನಮ್ಮ ದಾರಿಯಲ್ಲಿ ಸ್ಮಶಾನದ ತಿರುವು ಬರುತ್ತದೆ, ಅಲ್ಲಿ ಅವರು ಯಾವಾಗಲೂ ಮಾತು ನಿಲ್ಲಿಸುತ್ತಿದ್ದರು. ಆ ವಾರವೇ ಟ್ರೇಸಿಗೆ ಕೆಲಸ ಬಿಡುತ್ತೇನೆಂದು ತಿಳಿಸಿದರು.

ಟ್ರೇಸಿ ಅವರನ್ನು ಕೂರಿಸಿಕೊಂಡು ಕೇಳಿದಾಗ ನಾನು ಚಹಾ ಕೊಡಲು ಹೋಗಿದ್ದೆ, ಕಣ್ಣಾರೆ ಕಂಡದ್ದು ಹೇಳುತ್ತಿದ್ದೇನೆ.

"ನಿನ್ನ ಬೀಳ್ಕೊಡುಗೆ ಹೇಗಿರಬೇಕು, ರುದ್ರಾಣಿ? ನಿನಗೆ ಬೇಕಾದ ಹಾಗೆ ಮಾಡೋಣ."

"ನೋ, ನೋ. ಏನೂ ಬೇಡ."

"ಒಂದು ಚಿಕ್ಕ ಮಾರ್ನಿಂಗ್ ಟೀ?"

"ಬೇಡ, ಬೇಡ. ಸುಮ್ಮನೆ ಯಾಕೆ."

"ನಿಜವಾಗಿಯೂ?"

ಅಕ್ಕ ತಲೆ ತಗ್ಗಿಸಿ ನಕ್ಕರು. ಮನೆಗೆ ಬಂದವರಿಗೆ ಕಾಫಿ ಕೊಡಲಾ ಎಂದರೆ ನಾವೆಲ್ಲ ನಗುತ್ತೇವಲ್ಲ, ಬೇಡ ಬೇಡ ಈಗ ತಾನೇ ಆಯಿತು ಎಂದು, ಅದೇ ನಗು. ಆ ನಗು ಕಂಡರೆ ನಮ್ಮ ಕಡೆ ಯಾರಾದರೂ ಎದ್ದು ಒಲೆ ಹಚ್ಚುತ್ತಾರೆ. ಟ್ರೇಸಿ ಅವರ ಕೈ ಮೇಲೆ ಕೈಯಿಟ್ಟಳು. ನಿನ್ನ ಇಷ್ಟ ನನಗೆ ಮುಖ್ಯ, ಯಾರೂ ನಿನ್ನನ್ನು ಒತ್ತಾಯ ಮಾಡುವುದಿಲ್ಲ, ಮಾತು ಕೊಡುತ್ತೇನೆ ಎಂದಳು. ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿತ್ತು. ಕೆಟ್ಟವಳಾಗಿದ್ದರೆ ಬೈದು ಹಗುರಾಗುತ್ತಿದ್ದೆ, ಅವಳು ಕೆಟ್ಟವಳಲ್ಲ.

ಕಾರಿನಲ್ಲಿ ಕೂತ ಕೂಡಲೇ ನಾನು ಶುರು ಮಾಡಿದೆ.

"ಯಾಕ್ ಬೇಡ ಅಂದ್ರಿ ಅಕ್ಕಾ?"

"ಮತ್ತ, ಕೇಳಿದ ಕೂಡ್ಲೆ ಹೂಂ ಅನ್ನಾಕ ಬರತೈತೇನ? ಏನ್ ತಿಳಕೊಂತಾರ ಮಂದಿ?"

"ಇವ್ರು ಇನ್ನೊಂದ್ ದಿನ ಮತ್ತೆ ಬಂದು ಕೇಳಲ್ಲ ಅಕ್ಕಾ. ಬೇಡ ಅಂದ್ರೆ ಬೇಡ, ಅಷ್ಟೇ."

"ಕೇಳ್ತಾರ ತಗೋ. ಇಷ್ಟ್ ವರ್ಷ ಕೂಡಿ ಉಂಡೀವಿ. ನಾಳೆ ರಂಗಿ ಬಂದು ಕೇಳ್ತಾಳ ನೋಡು. ಆಗ ಚಾ ಕುಡದು ಹೋಗ್ತೀನಿ, ಉಡಿ ಮಾತ್ರ ತುಂಬಬ್ಯಾಡ್ರಿ ಅಂತೀನಿ."

ರಂಗಿ ಕೇಳಲಿಲ್ಲ. ಯಾರೂ ಕೇಳಲಿಲ್ಲ. ಮರುದಿನ ಬೆಳಗಿನ ಮೀಟಿಂಗಿನಲ್ಲಿ ಟ್ರೇಸಿ ಎಲ್ಲರಿಗೂ ಹೇಳಿದ್ದಳು: ರುದ್ರಾಣಿ ದುಃಖದಲ್ಲಿದ್ದಾಳೆ, ಸದ್ದಿಲ್ಲದೆ ಹೋಗಬೇಕೆಂದು ಕೇಳಿಕೊಂಡಿದ್ದಾಳೆ, ಅವಳ ಮುಂದೆ ಹೋಗುವ ಮಾತು ಎತ್ತಬೇಡಿ, ಕೊನೆಯ ದಿನ ಗುಂಪುಗೂಡಬೇಡಿ. ನಾನು ಅವಳ ಆಫೀಸಿಗೆ ಹೋಗಿ, ಅದು ನಿಜವಾದ ಬೇಡ ಅಲ್ಲ ಎಂದೆ. ನಮ್ಮಲ್ಲಿ ಹಾಗೆ ಹೇಳುವುದು ಮರ್ಯಾದೆ ಎಂದೆ. ಟ್ರೇಸಿ ತಾಳ್ಮೆಯಿಂದ ಕೇಳಿದಳು. ಮೂರು ಸಲ ಕೇಳಿದೆ, ಒಂದು ಸಲವೂ ಹೂಂ ಅನ್ನಲಿಲ್ಲ, ಅವಳ ಬಾಯಿಂದ ಬಂದ ಮಾತು ಬಿಟ್ಟು ನಿನ್ನ ಮಾತು ನಂಬಿದರೆ ಅವಳಿಗೆ ಏನು ಬೆಲೆ ಕೊಟ್ಟ ಹಾಗಾಯಿತು ಎಂದಳು. ರಂಗಿಯ ಹತ್ತಿರ ಹೋದರೆ ಅವಳದೂ ಅದೇ. ಹಾಡು ಗಂಟಲಿನಲ್ಲೇ ಇದೆ ಚಂಪಾ, ಆದರೆ ಅವಳು ಬೇಡ ಅಂದ ಮೇಲೆ ಹಾಡಿದರೆ ಅದು ನನ್ನ ಸಂತೋಷಕ್ಕೆ ಹಾಡಿದ ಹಾಗೆ ಎಂದಳು.

ಸರಿ, ಅಕ್ಕನನ್ನೇ ಹಿಡಿದುಕೊಂಡೆ. ನೀವೇ ಹೋಗಿ, ಬೇಕು ಅಂತ ಒಂದು ಮಾತು ಹೇಳಿಬಿಡಿ ಎಂದೆ.

"ಕೇಳಿ ಮಾಡಿಸ್ಕೊಳ್ಳೋದಾ ಇದನ್ನ?" ಎಂದರು. "ಬ್ಯಾಡ ಬಿಡವಾ. ಅವರಿಗೂ ಕೆಲಸ ಇರ್ತಾವ."

ಆ ವಾರ ಹೇಗೆ ಕಳೆಯಿತೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಎಲ್ಲರೂ ಅಕ್ಕನನ್ನು ಕಂಡರೆ ಮೆಲ್ಲಗೆ ನಕ್ಕು ಪಕ್ಕಕ್ಕೆ ಸರಿಯುವುದು. ಸ್ಟಾಫ್ ರೂಮಿಗೆ ಅವರು ಬಂದರೆ ಮಾತು ನಿಲ್ಲುವುದು. ಪ್ರೀತಿಗೆ ಹಾಗೆ ಮಾಡುತ್ತಿದ್ದರು, ಅಕ್ಕನಿಗೆ ಮಾತ್ರ ಅದು ಬೇರೆಯಾಗಿ ಕಾಣುತ್ತಿತ್ತು. ಗಂಡ ಸತ್ತವಳು ಎದುರಿಗೆ ಬಂದಳೆಂದು ಊರಿನಲ್ಲಿ ಜನ ಸರಿಯುತ್ತಾರಲ್ಲ, ಇವರೂ ಸರಿಯುತ್ತಿದ್ದಾರೇನೋ ಎಂದು ಒಂದು ದಿನ ನನ್ನನ್ನು ಕೇಳಿಯೇಬಿಟ್ಟರು. ಇಲ್ಲ ಅಕ್ಕಾ, ಇವರಿಗೆ ಅದೆಲ್ಲ ಗೊತ್ತೇ ಇಲ್ಲ ಎಂದು ಹತ್ತು ಸಲ ಹೇಳಿದೆ. ತಲೆಯಾಡಿಸಿದರು, ನಂಬಲಿಲ್ಲ.

ಕೊನೆಯ ದಿನ ಅಕ್ಕ ಒಂದು ದೊಡ್ಡ ಡಬ್ಬಿ ಶೇಂಗಾ ಹೋಳಿಗೆ ಮಾಡಿಕೊಂಡು ಬಂದು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟರು. ತಾವೂ ಒಂದು ಕುರ್ಚಿಯ ಹಿಂದೆ ನಿಂತರು. ಒಬ್ಬೊಬ್ಬರೇ ಬಂದರು, ತೆಗೆದುಕೊಂಡರು, ತುಂಬಾ ಚೆನ್ನಾಗಿದೆ ಎಂದರು, ಹೋದರು. ಇಷ್ಟು ವರ್ಷ ಒಟ್ಟಿಗೆ ದುಡಿದ ಒಬ್ಬಳೂ, ನೀನು ಹೋಗುತ್ತಿದ್ದೀಯಲ್ಲ ಎನ್ನಲಿಲ್ಲ. ಡಬ್ಬಿ ಖಾಲಿಯಾಯಿತು. ಅಕ್ಕ ಅದನ್ನು ಸಿಂಕಿನಲ್ಲಿ ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡರು.

ಪಾಳಿ ಮುಗಿಯುವ ಹೊತ್ತಿಗೆ ಅಡುಗೆಮನೆಗೆ ಬಂದರು. ನಂದೀಶ ಅವರನ್ನು ಕರೆದುಕೊಂಡು ಹೋಗಲು ಬಂದಿದ್ದ, ಹೊರಗೆ ಕಾರಿನಲ್ಲಿ ಕಾಯುತ್ತಿದ್ದ. ನಾನು ತಟ್ಟೆ ಸಿದ್ಧ ಮಾಡಿಟ್ಟುಕೊಂಡಿದ್ದೆ, ಅಕ್ಕಿ, ಕಾಯಿ, ಅರಿಸಿನದ ಕೊಂಬು, ನನ್ನದೇ ಒಂದು ರೇಷ್ಮೆ ರವಿಕೆ ಬಟ್ಟೆ. ಒಗೆದ ಏಪ್ರನ್ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ.

"ಮಾತಾಡ್ಬೇಡಿ. ಸುಮ್ನೆ ಹಿಡೀರಿ" ಎಂದೆ.

ಅಕ್ಕ ಹಿಂದೆ ಸರಿದರು. "ಒಲ್ಲೆ ಚಂಪಾ. ಇದು ಬಾಯಿ ಮಾತಿನ ಒಲ್ಲೆ ಅಲ್ಲ. ನೀ ಮುತ್ತೈದಿ. ನಿನ್ನ ಗಂಡ ಅದಾನ."

"ಅದೆಲ್ಲ ಏನೂ ಆಗಲ್ಲ ಅಕ್ಕಾ, ನಿಮಗೂ ಗೊತ್ತು."

"ಆಗಂಗಿಲ್ಲಂತ ನನಗೂ ಗೊತ್ತೈತಿ. ಆದ್ರ ನಾಳೆ ಅನೂಪಗ ಒಂದ್ ನೆಗಡಿ ಬಂದ್ರೂ ನನಗ ಅಲ್ಲಿ ನಿದ್ದಿ ಬರಂಗಿಲ್ಲ. ನಿನ್ನ ಕೈಲೆ ನಾ ತುಂಬಿಸ್ಕೊಳ್ಳಾಂಗಿಲ್ಲ."

ಹಾಗೆಂದವರು ಗೋಡೆಗೆ ಒರಗಿ ಅತ್ತರು. ತಿಪ್ಪಣ್ಣನವರನ್ನು ಮಣ್ಣು ಮಾಡಿದ ದಿನವೂ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. "ಅವ್ವ ಹೋದ ಮ್ಯಾಲೆ ನನಗ ತವರಿಲ್ಲ. ಇದನ್ನ ತವರು ಅಂತ ತಿಳದಿದ್ದೆ" ಎಂದರು. ಅವರಿಗೆ ಉಡಿ ಬೇಕಿತ್ತು. ಕೊಡುವವಳಿಗೆ ಕೇಡಾದೀತೆಂದು ಬೇಡ ಎನ್ನುತ್ತಿದ್ದರು, ಅಷ್ಟೇ. ಹಾಗಾದರೆ ಕೇಡಾಗುವ ಭಯವೇ ಇಲ್ಲದವರು ಯಾರಾದರೂ ಬೇಕು ಎಂದು ನನಗೆ ಆಗ ಹೊಳೆಯಿತು. ಅಂಥವರಿಂದಲೇ ನಮ್ಮ ಆಶ್ರಮ ತುಂಬಿತ್ತು.

"ಬೆರಿಲ್ ಅಜ್ಜಿಗೆ ಹೇಳಿ ಹೋಗಲ್ವಾ?" ಎಂದೆ.

ಕಣ್ಣೊರೆಸಿಕೊಂಡು ಹೊರಟರು. ನಾನು ತಟ್ಟೆ ಹಿಡಿದು ಹಿಂದೆಯೇ ಹೋದೆ. ಬೆರಿಲ್ ಕಿಟಕಿಯ ಹತ್ತಿರ ಮೊಣಕಾಲಿನ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ನಮ್ಮಿಬ್ಬರ ಮುಖ ನೋಡಿದಳು, ತಟ್ಟೆ ನೋಡಿದಳು.

"ನನ್ನ ಬಾಯಿಗೂ ಬೀಗ ಹಾಕಿ ಹೋಗಿದ್ದಾಳೆ ನಿಮ್ಮ ಟ್ರೇಸಿ. ಇವಳ ಅಕ್ಕಿ ಎಲ್ಲಿ ಅಂತ ಬೆಳಗಿನಿಂದ ಕೇಳಬೇಕೆಂದಿದ್ದೆ" ಎಂದಳು.

ನಾನು ಹೇಳಿಬಿಟ್ಟೆ. ಒಂದು ವರ್ಷ ಇಂಗ್ಲಿಷಿನಲ್ಲಿ ಹೇಳಲಾಗದ್ದು ಆಗ ಎಲ್ಲಿಂದ ಬಂತೋ. ಗಂಡನಿಲ್ಲದ ಹೆಂಗಸು ಯಾರಿಗೂ ತುಂಬುವ ಹಾಗಿಲ್ಲ, ಗಂಡನಿರುವ ಹೆಂಗಸು ಇವರಿಗೆ ತುಂಬಿದರೆ ಅವಳ ಗಂಡನಿಗೆ ಕೇಡು ಎಂದು ಇವರು ಹೆದರುತ್ತಾರೆ, ಅದಕ್ಕೇ ಖಾಲಿ ಹೋಗುತ್ತಿದ್ದಾರೆ ಎಂದೆ. ಅಕ್ಕ ನನ್ನ ತೋಳು ಹಿಡಿದು ಜ‌ಗ್ಗುತ್ತಿದ್ದರು.

ಬೆರಿಲ್ ಗಾಲಿಕುರ್ಚಿಯನ್ನು ನಮ್ಮ ಕಡೆ ತಿರುಗಿಸಿದಳು.

"ಜ್ಯಾಕ್‌ನನ್ನು ಮಣ್ಣು ಮಾಡಿ ಯಾವ ಕಾಲವಾಯಿತು. ಅವನಿಗೆ ಇನ್ನು ಯಾವ ಕೇಡು ಆಗಬೇಕಾಗಿದೆ?" ಎಂದಳು. "ಆ ತಟ್ಟೆ ಇಲ್ಲಿ ತಾ."

ನಾನು ಅಕ್ಕನ ಸೊಂಟಕ್ಕೆ ಏಪ್ರನ್ ಕಟ್ಟಿದೆ. ಅಕ್ಕ ಬೇಡ ಎನ್ನಲಿಲ್ಲ. ಗಾಲಿಕುರ್ಚಿಯ ಮುಂದೆ ಮೊಣಕಾಲೂರಿ ಕೂತು ಅಂಚನ್ನು ಒಡ್ಡಿದರು. ಬೆರಿಲ್‌ಳ ಬೊಗಸೆಯಲ್ಲಿ ಅಕ್ಕಿ ನಿಲ್ಲುತ್ತಿರಲಿಲ್ಲ, ಅರ್ಧ ಉಡಿಗೆ ಬಿದ್ದರೆ ಅರ್ಧ ನೆಲಕ್ಕೆ. ಎಷ್ಟೋ ಸಲ ನೋಡಿದವಳು, ಏನೂ ಬಿಡಲಿಲ್ಲ. ಕಾಯಿ ಹಾಕಿದಳು, ಕೊಂಬು ಹಾಕಿದಳು, ಬಟ್ಟೆ ಹಾಕಿದಳು. ಹರಕೆಯ ಮಾತು ಅವಳಿಗೆ ಗೊತ್ತಿರಲಿಲ್ಲ. ಅಕ್ಕನ ಕೆನ್ನೆ ಮುಟ್ಟಿ, "ಅವ್ವಾರ" ಎಂದಳು.

ಅಕ್ಕ ಏಳಲು ಹೋದರೆ ಅವಳು ಬಿಡಲಿಲ್ಲ. ತನ್ನ ಮೊಣಕಾಲಿನ ಕಂಬಳಿಯ ಎರಡು ತುದಿ ಹಿಡಿದು ಎತ್ತಿ ಒಡ್ಡಿದಳು.

"ಈಗ ನನಗೆ" ಎಂದಳು. "ನಾನೂ ಹೊರಡುವವಳೇ, ಹೆಚ್ಚು ದಿನ ಇಲ್ಲ. ನಮ್ಮನ್ನು ಹಿಂದಿನ ಬಾಗಿಲಿನಿಂದ ತೆಗೆದುಕೊಂಡು ಹೋಗುತ್ತಾರೆ, ನಮಗೆ ಮಾರ್ನಿಂಗ್ ಟೀ ಇಲ್ಲ. ಆವತ್ತು ನೀನೂ ಇಲ್ಲಿರುವುದಿಲ್ಲ."

ಅಕ್ಕ ತಟ್ಟೆಯಲ್ಲಿ ಉಳಿದ ಅಕ್ಕಿಯನ್ನೇ ನೋಡಿದರು. ಕೈ ಮುಂದೆ ಬಂತು, ನಿಂತಿತು. ಆಮೇಲೆ ಎರಡೂ ಕೈ ತುಂಬಾ ತೆಗೆದು ಕಂಬಳಿಗೆ ಸುರಿದರು. ಗಂಡ ಹೋದ ಮೇಲೆ ಅವರು ಯಾರದಾದರೂ ಉಡಿ ತುಂಬಿದ್ದು ಅದೇ ಮೊದಲು. "ಚಲೋತ್ನ್ಯಾಗ ಹೋಗಿ ಬರ್ರಿ ಅವ್ವಾರ" ಎಂದರು, ಮತ್ತೆ ಸುರಿದರು. ನಾನು ಅಲ್ಲಿ ನಿಲ್ಲಲಾರದೆ ಬಾಗಿಲಿಗೆ ಬಂದು ಗೋಡೆ ನೋಡುತ್ತಾ ನಿಂತೆ.

ಆಮೇಲೆ ಏಪ್ರನ್ನಿನ ಅಂಚನ್ನು ಗಂಟು ಕಟ್ಟಿ, ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕ ಕಾರಿಡಾರಿನಲ್ಲಿ ನಡೆದರು. ನಾನು ಅವರ ಚೀಲ ಹಿಡಿದಿದ್ದೆ. ಔಷಧಿ ಕೋಣೆಯಲ್ಲಿ ರಂಗಿ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದಳು. ಅವಳ ಭುಜ ಅಲುಗುತ್ತಿತ್ತು, ತಿರುಗಲಿಲ್ಲ. ಸ್ಟಾಫ್ ರೂಮಿನ ಬಾಗಿಲು ಮುಚ್ಚಿತ್ತು, ಒಳಗೆ ಜನರಿದ್ದರು, ಉಸಿರಿನ ಸದ್ದೂ ಇರಲಿಲ್ಲ. ಮುಂಬಾಗಿಲ ಪಕ್ಕದ ಮೇಜಿನಲ್ಲಿ ಟ್ರೇಸಿ ಕಂಪ್ಯೂಟರ್ ನೋಡುತ್ತಿದ್ದಳು. ಅಕ್ಕ ಮೇಜಿನ ಮುಂದೆ ನಿಂತರು. ಅವರ ಉಡಿ ತುಂಬಿತ್ತು, ಯಾರಾದರೂ ನೋಡಲಿ ಎಂದು ನಿಂತಿದ್ದರು. ಟ್ರೇಸಿ ಮಾತು ಕೊಟ್ಟಿದ್ದಳಲ್ಲ, ತಲೆ ಎತ್ತಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿದರು.

"ಹೋಗಿ ಬರ್ತೀನ್ರಿ" ಎಂದು ಮೆಲ್ಲಗೆ ಹೇಳಿದರು. ಯಾರಿಗೆ ಹೇಳಿದರೋ, ಕನ್ನಡದಲ್ಲಿ ಹೇಳಿದರು. ಗಾಜಿನ ಬಾಗಿಲು ತಾನಾಗಿ ತೆರೆಯಿತು. ನಂದೀಶ ಇಳಿದು ಬಂದು ಚೀಲ ತೆಗೆದುಕೊಂಡ, ಕಾರು ಹೋಯಿತು.

ನಾನು ಒಳಗೆ ಬಂದಾಗ ಟ್ರೇಸಿ ಮುಖ ಒರೆಸಿಕೊಳ್ಳುತ್ತಿದ್ದಳು. ಎದ್ದು ನನ್ನ ಹತ್ತಿರ ಬಂದಳು.

"ಅವಳಿಗೆ ಬೇಕಾದ ಹಾಗೇ ಆಯಿತಲ್ಲ, ಚಂಪಾ?" ಎಂದು ಕೇಳಿದಳು.

ಇಲ್ಲ ಎಂದೆ. ಅವಳು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟಳು. ಸಂಜೆಯ ಊಟಕ್ಕೆ ಹೊತ್ತಾಗಿತ್ತು, ನಾನು ಅಡುಗೆಮನೆಗೆ ಹೋದೆ.